ಆಟಿಸಂ: ದೂರದ ಹಳ್ಳಿಗಳ ಕುಟುಂಬಗಳಿಗೆ ನೆರವಿನ ದಾರಿ

ಹೆಸರು ಹಿಡಿದು ಕರೆದರೂ ಮಗು ತಿರುಗಿ ನೋಡದಿದ್ದಾಗ, "ಗಂಡುಮಗು, ಮಾತು ತಡ" ಎಂಬ ಸಮಾಧಾನದಲ್ಲಿಯೇ ವರ್ಷಗಳು ಕಳೆದುಹೋಗುತ್ತವೆ. ಹರಕೆ ಹೊರುವುದನ್ನು ನಾವು ಬೇಡವೆನ್ನೆವು. ಆದರೆ ಅದು ತೀರುವವರೆಗೆ ತಪಾಸಣೆಯನ್ನು ಮುಂದೂಡಬಾರದು.

ಮೊದಲು ಅಂಗನವಾಡಿಯಲ್ಲಿ ವಿಚಾರಿಸಿರಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡವು ವರ್ಷಕ್ಕೆ 2 ಬಾರಿ ಅಲ್ಲಿಗೇ ಬರಬೇಕೆಂಬುದು ನಿಯಮ. ಬಾರದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಲು ಸಂಕೋಚ ಬೇಡ. ತಂಡವು ಬರೆದುಕೊಟ್ಟರೆ ಜಿಲ್ಲಾ ಮಟ್ಟದ ಡಿ.ಇ.ಐ.ಸಿ. ಕೇಂದ್ರದಲ್ಲಿ ಪರೀಕ್ಷೆ ಉಚಿತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಯುಡಿಐಡಿ ಕಾರ್ಡಿನ ಅರ್ಜಿಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ.

ಮಾತಿನ ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಪದೇ ಪದೇ ಹೋಗಲಾಗದವರು ಅಭ್ಯಾಸಗಳನ್ನು ಕಲಿತು ಬಂದು ಮನೆಯಲ್ಲಿಯೇ ಮಾಡಿಸಬಹುದು. ಅಜ್ಜಿಯರನ್ನೂ ಜೊತೆಗೆ ಕರೆದೊಯ್ಯಿರಿ. ದಿನವಿಡೀ ಮಗುವಿನೊಡನೆ ಇರುವವರು ಅವರೇ ಅಲ್ಲವೇ?