ಕಬ್ಬಿನ ಅಡಿಯ ನೀರು: ಕೃಷ್ಣೆಯ ನೆರೆಬಯಲು ಮತ್ತು ಉಪಗ್ರಹ ನಕ್ಷೆಗಳ ಮಿತಿ

ಚಿಕ್ಕೋಡಿ, ರಾಯಬಾಗ, ಅಥಣಿ, ಜಮಖಂಡಿ ಸೀಮೆಯ ಕೃಷ್ಣೆಯನ್ನು ಬೇಸಿಗೆಯ ಉಪಗ್ರಹ ಚಿತ್ರದಲ್ಲಿ ಗುರುತಿಸಲು ನೀರನ್ನೇ ಹುಡುಕಬೇಕಾಗಿಲ್ಲ. ಅವಕೆಂಪು ಕಿರಣಗಳಿಗೆ ಕೆಂಪು ಬಣ್ಣ ಕೊಟ್ಟ ಚಿತ್ರದಲ್ಲಿ ಹೊಳೆಯ ಎರಡೂ ದಂಡೆಗೆ ಕಡುಗೆಂಪು ಪಟ್ಟಿ ಹಬ್ಬಿರುತ್ತದೆ. ಅದು ಪಂಪ್‌ಸೆಟ್ಟಿನ ನೀರುಂಡ ಕಬ್ಬು. ಅದರಾಚೆಗೆ ಮಳೆಗಾಗಿ ಕಾಯುವ ಬೂದುಬಣ್ಣದ ಹೊಲಗಳು. ಈ ಕಬ್ಬಿನ ಪಟ್ಟಿಯ ಬಹುಭಾಗ ನದಿಯ ನೆರೆಬಯಲೇ ಆದ್ದರಿಂದ, ಹೊಳೆ ಏರಿದಾಗ ಮೊದಲು ನೀರು ಹೊಗುವುದೂ ಅಲ್ಲಿಗೇ. ಆದರೆ ನೆರೆ ನಕ್ಷೆಗಳಲ್ಲಿ ತಪ್ಪಿಹೋಗುವ ಸಾಧ್ಯತೆ ಹೆಚ್ಚಿರುವುದೂ ಇದೇ ಬೆಳೆ ಎಂಬುದು ಪ್ರಸ್ತುತ ಲೇಖನದ ವಾದ.

2019ರ ಆಗಸ್ಟ್ ನೆರೆಯನ್ನು ನೋಡೋಣ. ಮಹಾರಾಷ್ಟ್ರದ ಘಟ್ಟಸಾಲಿನ ಮಳೆ, ಕೊಯ್ನಾದಂಥ ಜಲಾಶಯಗಳಿಂದ ಬಿಟ್ಟ ನೀರು ಸೇರಿ ಸಾಂಗ್ಲಿಯಿಂದ ಬಾಗಲಕೋಟೆಯವರೆಗೆ ನದಿ ದಂಡೆ ಮೀರಿತು. ಮೋಡ ಕವಿದ ಅಂಥ ದಿನಗಳಲ್ಲಿ ಸಾಮಾನ್ಯ ಕ್ಯಾಮೆರಾಗಳಿಗೆ ನೆಲ ಕಾಣದು. ರಾಡಾರ್ ಉಪಗ್ರಹಗಳೇ ಗತಿ. ಯುರೋಪಿನ ಸೆಂಟಿನೆಲ್-1 ಹಾಯಿಸುವ ಅಲೆಯ ಉದ್ದ ಸುಮಾರು 5.6 ಸೆಂ.ಮೀ. ಓರೆಯಾಗಿ ಬಿದ್ದ ಅಲೆಯನ್ನು ಅಲುಗದ ನೀರು ಕನ್ನಡಿಯಂತೆ ಆಚೆಗೆ ಚಿಮ್ಮಿಸುತ್ತದೆ. ಹೀಗೆ ಮರಳದ ಅಲೆಯ ಜಾಗ ಚಿತ್ರದಲ್ಲಿ ಕಪ್ಪಾಗುತ್ತದೆ, ಕಪ್ಪೆಂದರೆ ನೀರು ಎಂದು ನಕ್ಷೆ ಬರೆಯಲಾಗುತ್ತದೆ.

ಕಬ್ಬಿಗೆ ಈ ಸೂತ್ರ ಒಗ್ಗುವುದಿಲ್ಲ. ಆಗಸ್ಟ್ ಹೊತ್ತಿಗೆ ಆಳುದ್ದ ಮೀರಿ ಬೆಳೆದ ಬೆಳೆಯ ದಟ್ಟ ಎಲೆಗಳಲ್ಲೇ ಈ ಕಿರು ಅಲೆ ಚದುರಿ ಹಿಂದಿರುಗುತ್ತದೆ. ಬುಡದಲ್ಲಿ ಸೊಂಟಮಟ್ಟ ನೀರಿದ್ದರೂ ಹೊಲ ಒಣಗಿದಂತೆಯೇ ಕಾಣಬಹುದು. ಪಕ್ಕದ ಸೋಯಾ ಹೊಲ ಮಾತ್ರ ಕಪ್ಪಾಗಿರುತ್ತದೆ. ಅಂದರೆ ನಕ್ಷೆಯ ಅಂಚನ್ನು ನೀರಿನ ಆಳದಷ್ಟೇ ಬೆಳೆಯ ಎತ್ತರವೂ ನಿರ್ಧರಿಸುತ್ತಿದೆ.

ನೀರಿಳಿದ ಮೇಲಾದರೂ ಹಾನಿ ಕಾಣಬೇಕಲ್ಲ? ಅಲ್ಲಿಯೂ ತೊಡಕಿದೆ. ರಾಡಿ ಹೊಕ್ಕ ಸುಳಿ ಕೊಳೆತು, ಎಳೆದರೆ ನಾರುತ್ತ ಕೈಗೆ ಬರುತ್ತದೆ. ಸುಳಿ ಸತ್ತ ಕಬ್ಬಿನ ಗಣ್ಣುಗಳಲ್ಲಿ ಬೇರಿಳಿದು, ಕಣ್ಣುಗಳು ಮೊಳೆತು, ಅಡ್ಡಚಿಗುರು ಹೊರಡುತ್ತದೆ. ಗಣಿಕೆಯಲ್ಲಿ ಕೂಡಿಟ್ಟ ಸಕ್ಕರೆಯನ್ನು ಆ ಚಿಗುರೇ ತಿನ್ನುತ್ತದೆ. ಮೇಲಿನಿಂದ ಹಸಿರು ಅಳೆಯುವ ಉಪಗ್ರಹಕ್ಕೆ ಇದು ಚೇತರಿಕೆ, ಬೆಳೆಗಾರನಿಗೆ ನಷ್ಟ.

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೊ–ನಾಸಾ ಜಂಟಿ ಉಪಗ್ರಹ ನಿಸಾರ್‌ನ ಎಲ್-ಬ್ಯಾಂಡ್ ಅಲೆ ಸುಮಾರು 24 ಸೆಂ.ಮೀ. ಉದ್ದದ್ದು. ಎಲೆ ದಾಟಿ ಒಳಹೊಗುವ ಶಕ್ತಿ ಇದಕ್ಕೆ ಹೆಚ್ಚು. ಆಗ ನೀರಿಗೂ ಕಬ್ಬಿನ ದಂಟಿಗೂ ತಾಗಿ ಮರಳುವ ಅಲೆಯಿಂದ ಮುಳುಗಿದ ಹೊಲ ಕಪ್ಪಾಗುವ ಬದಲು ಇನ್ನಷ್ಟು ಬೆಳ್ಳಗಾಗಬೇಕು. ನಕ್ಷೆ ಬರೆಯುವ ಸೂತ್ರವನ್ನೇ ತಿರುವಬೇಕಾದೀತು. ಆದರೂ ಒಂದೇ ಕೋನದ ನೋಟ ಮರಳಲು 12 ದಿನ ಬೇಕು. ನೆರೆಯ ಏರುಮಟ್ಟ ಅಷ್ಟು ದಿನ ನಿಲ್ಲದು.

ಸದ್ಯಕ್ಕೆ ಕೈಗೆಟಕುವ ಉಪಾಯ ಸರಳವಾದದ್ದು. ಕಬ್ಬಿನ ತುಂಡಿನ ಎರಡೂ ಬದಿಯ ಗಿಡ್ಡ ಬೆಳೆಯ ಹೊಲಗಳು ಕಪ್ಪಾಗಿದ್ದು, ನಡುವಿನ ನೆಲ ಅವುಗಳಿಗಿಂತ ಎತ್ತರವಿಲ್ಲದಿದ್ದರೆ, ಕಬ್ಬಿನಡಿಯೂ ನೀರಿದೆಯೆಂದೇ ಎಣಿಸಬೇಕು. ನಕ್ಷೆಯನ್ನು ಪರಿಹಾರದ ಪಟ್ಟಿಗೆ ಆಧಾರವಾಗಿಸುವ ಮುನ್ನ ನದಿಮಟ್ಟದ ಅಳತೆಯ ಜೊತೆಗೆ ಈ ತಾಳೆಯನ್ನಾದರೂ ನೋಡುವುದು ಅಗತ್ಯ.