ಮೂಕ ಹೂವಿನ ಕಂಪು

ಮಲ್ಲಿಗೆಯ ಕಂಪನ್ನು ಹೆಕ್ಸೇನ್‌ನಂಥ ದ್ರಾವಕದಿಂದ ಹೊರತೆಗೆಯಬಹುದೆಂದು ನೀವು ಬಲ್ಲಿರಿ. ಯೂರೋಪಿನ ಲಿಲಿ ಆಫ್ ದ ವ್ಯಾಲಿ ಹೂವಿನಿಂದ ಬಳಕೆಗೆ ಬರುವಷ್ಟು ಸುಗಂಧ ತೈಲ ದೊರೆಯುವುದಿಲ್ಲ. ಆದ್ದರಿಂದಲೇ ಸುಗಂಧ ತಯಾರಕರು ಇದನ್ನು ‘ಮೂಕ ಹೂ’ಗಳ ಸಾಲಿಗೆ ಸೇರಿಸಿದರು. 1753ರಲ್ಲಿ ಲಿನೇಯಸ್ ಕೊಟ್ಟ ಹೆಸರು ಕಾನ್ವಲೇರಿಯ ಮಜಾಲಿಸ್.

ಚಳಿಗಾಲದ ಶೀತ, ನೆರಳು ಮತ್ತು ತೇವಾಂಶವಿದ್ದರೆ ಈ ಗಿಡ ನೆಲದಡಿಯ ಕಾಂಡದಿಂದ ಹಬ್ಬುತ್ತದೆ. ಫ್ರಾನ್ಸಿನ ಸುಗಂಧ ತಜ್ಞ ಎಡ್ಮಂಡ್ ರುಡ್ನಿಟ್ಸ್ಕಾ ಇದನ್ನು ಕಾಬ್ರಿಸ್‌ನ ತಮ್ಮ ಮನೆಯ ತೋಟದಲ್ಲಿ ಬೆಳೆಸಿದರು. ಜೀವಂತ ಹೂವಿನ ಕಂಪನ್ನು ಮೂಗಿನಿಂದಲೇ ಅಭ್ಯಸಿಸಿ, ಹೈಡ್ರಾಕ್ಸಿಸಿಟ್ರೊನೆಲಾಲ್ ಮೊದಲಾದ ಸಂಯುಕ್ತಗಳಿಂದ ಅದನ್ನು ಪುನಃ ರೂಪಿಸಿದರು. 1956ರಲ್ಲಿ ಅದು ‘ಡಿಯೊರಿಸ್ಸಿಮೊ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು.

ಇದೇ ಕಂಪನ್ನು ಹೋಲುವ ಇನ್ನೊಂದು ಸಂಯುಕ್ತ ಲಿಲಿಯಲ್. ಅದು ಸಂತಾನಶಕ್ತಿಗೆ ಹಾನಿಕರವಾಗಬಹುದೆಂದು ಪ್ರಾಣಿಪ್ರಯೋಗಗಳು ಸೂಚಿಸಿದವು. 2022ರ ಮಾರ್ಚ್‌ನಿಂದ ಐರೋಪ್ಯ ಒಕ್ಕೂಟ ಅದನ್ನು ಪ್ರಸಾಧನಗಳಲ್ಲಿ ನಿಷೇಧಿಸಿತು.

ಹಾಗಾದರೆ ನೈಸರ್ಗಿಕವಾದುದೆಲ್ಲ ನಿರಪಾಯಕಾರಿಯೆ? ಈ ಗಿಡದ ಎಲ್ಲ ಭಾಗಗಳಲ್ಲಿಯೂ ಕಾನ್ವಲಟಾಕ್ಸಿನ್‌ನಂಥ, ಹೃದಯದ ಬಡಿತವನ್ನೇ ಕೆಡಿಸಬಲ್ಲ ಗ್ಲೈಕೊಸೈಡುಗಳಿವೆ! ತರಗತಿಯಲ್ಲಿ ‘ಕೃತಕ’, ‘ನೈಸರ್ಗಿಕ’ ಎಂಬ ಚರ್ಚೆ ಬಂದಾಗ ಈ ಹೂವನ್ನು ನೆನಪಿಸಿಕೊಳ್ಳಿ. ಯಾವ ಅಣು, ಎಷ್ಟು ಪ್ರಮಾಣ, ದೇಹದ ಮೇಲೆ ಏನು ಪರಿಣಾಮ – ಮೊದಲು ಕೇಳಬೇಕಾದ ಪ್ರಶ್ನೆಗಳು ಇವು.