ನದಿಯ ತಿರುವಿನಲ್ಲೊಂದು ಹಳ್ಳಿ

ಅಮೆರಿಕವೆಂದೊಡನೆ ನಮ್ಮ ಪಟ್ಟಣದವರ ಕಣ್ಣ ಮುಂದೆ ನಿಲ್ಲುವುದು ಮುಗಿಲೆತ್ತರದ ಕಟ್ಟಡಗಳು, ಇಲ್ಲವೆ ಅಲ್ಲಿ ನೆಲೆಸಿದ ಮಗನೋ ಮಗಳೋ ಕಳುಹಿಸಿದ ಭಾವಚಿತ್ರಗಳು. ಆ ದೇಶದಲ್ಲಿಯೂ ಹಳ್ಳಿಗಳಿವೆ, ಅವುಗಳಲ್ಲಿ ಎಷ್ಟೋ ಹಳ್ಳಿಗಳು ವರ್ಷ ವರ್ಷಕ್ಕೆ ಬರಿದಾಗುತ್ತಿವೆ ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ದಕ್ಷಿಣದ ಅಲಬಾಮಾ ಸಂಸ್ಥಾನದ ವಿಲ್ಕಾಕ್ಸ್ ಜಿಲ್ಲೆಯಲ್ಲಿ ಅಂಥದೊಂದು ಊರಿದೆ. ಅಲಬಾಮಾ ನದಿ ಅಲ್ಲಿ ಕುದುರೆಯ ಲಾಳದಂತೆ ಬಳಸಿ ಹರಿಯುತ್ತದೆ. ಮೂರು ಕಡೆ ನೀರು, ಒಂದು ಕಡೆ ಮಾತ್ರ ನೆಲದ ದಾರಿ. ಊರಿನ ಹೆಸರು ಜೀಸ್ ಬೆಂಡ್, ಎಂದರೆ ಜೀ ಎಂಬುವನ ತಿರುವು. ಅಂಚೆಯವರು 1949ರಲ್ಲಿ ಅದಕ್ಕೆ ಬಾಯ್ಕಿನ್ ಎಂದು ಹೆಸರಿಟ್ಟರು. ಜನರ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ. 1930ರ ದಶಕದಲ್ಲಿ ಅಲ್ಲಿ ಸುಮಾರು 700 ಜನರಿದ್ದರು. 2010ರ ಜನಗಣತಿಯಲ್ಲಿ 275, 2020ರಲ್ಲಿ 208.

ಇಷ್ಟು ಸಣ್ಣ ಊರಿಗೆ ಚರಿತ್ರೆ ಬೇಕೆ ಎಂದು ಕೇಳಬಹುದು. ನೆಲ ಯಾರ ಹೆಸರಿನಲ್ಲಿತ್ತು ಎಂಬ ಒಂದೇ ಎಳೆಯನ್ನು ಹಿಡಿದು ಹೋದರೂ ಇಲ್ಲಿ ಎರಡು ಶತಮಾನಗಳ ಕಥೆ ಬಿಚ್ಚಿಕೊಳ್ಳುತ್ತದೆ.

1816ರಲ್ಲಿ ಉತ್ತರ ಕೆರೊಲಿನಾದಿಂದ ಬಂದ ಜೋಸೆಫ್ ಜೀ ಎಂಬ ಬಿಳಿಯ ಇಲ್ಲಿ ಹತ್ತಿಯ ತೋಟ ಮಾಡಿದ. ಅವನೊಂದಿಗೆ 18 ಮಂದಿ ಗುಲಾಮರಿದ್ದರು. 1845ರಲ್ಲಿ ಸಾಲದ ಲೆಕ್ಕದಲ್ಲಿ ಆ ತೋಟ ಮಾರ್ಕ್ ಪೆಟ್‌ವೇ ಎಂಬ ನಂಟನ ಪಾಲಾಯಿತು. ಮರುವರ್ಷ ಪೆಟ್‌ವೇ ತನ್ನ ಸಂಸಾರವನ್ನು ಗಾಡಿಗಳಲ್ಲಿ ಕೂರಿಸಿಕೊಂಡು ಹೊರಟ. ಸುಮಾರು ನೂರು ಜನ ಗುಲಾಮರು ಕೆರೊಲಿನಾದಿಂದ ಅಲಬಾಮಾದವರೆಗೆ ಕಾಲ್ನಡಿಗೆಯಲ್ಲಿ ಬಂದರು. ಅವರ ಸಂತತಿಯೇ ಇಂದಿನ ಊರು. ಒಡೆಯನ ಹೆಸರೇ ಅವರ ಮನೆತನದ ಹೆಸರಾಯಿತು. ಇಂದಿಗೂ ಅಲ್ಲಿ ಮನೆಮನೆಗೂ ಪೆಟ್‌ವೇಗಳೇ. ಗಂಡನ ಕಡೆಯೂ ಪೆಟ್‌ವೇ, ತವರಿನ ಕಡೆಯೂ ಪೆಟ್‌ವೇ ಆದವರುಂಟು. ಯಾರನ್ನು ಕೊಂಡಿದ್ದರೋ ಅವರು ಉಳಿದರು, ಕೊಂಡವನ ಮನೆತನ 1895ರಲ್ಲಿ ತೋಟವನ್ನು ಮಾರಿ ಹೊರಟುಹೋಯಿತು.

ಅಂತರ್ಯುದ್ಧದ ಕೊನೆಗೆ, 1865ರಲ್ಲಿ, ದಾಸ್ಯವೇನೋ ಅಳಿಯಿತು. ನೆಲ ಮಾತ್ರ ಬರಲಿಲ್ಲ. ಜನ ಅದೇ ಹೊಲವನ್ನು ಗೇಣಿಗೆ ಉತ್ತರು. ಬಿತ್ತನೆಯ ಬೀಜ, ಗೊಬ್ಬರ, ಮನೆಯ ಹಿಟ್ಟು ಎಲ್ಲವೂ ನದಿಯಾಚೆಯ ಕ್ಯಾಮ್ಡೆನ್ ಪಟ್ಟಣದ ವರ್ತಕರಿಂದ ಉದ್ರಿ. ಹತ್ತಿ ಬಿಡಿಸಿದ ಮೇಲೆ ಲೆಕ್ಕ. ಲೆಕ್ಕದ ಪುಸ್ತಕ ವರ್ತಕನ ಕೈಯಲ್ಲಿ. ಈ ವ್ಯವಹಾರವನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿಯ ಬೆಲೆ ಪೌಂಡಿಗೆ ಐದಾರು ಸೆಂಟಿಗೆ ಇಳಿದ ಆ ದುರ್ದಿನಗಳಲ್ಲಿ, 1932ರಲ್ಲಿ, ಅಂಥ ಒಬ್ಬ ವರ್ತಕ ತೀರಿಕೊಂಡ. ಅವನ ವಿಧವೆ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ವಸೂಲು ಮಾಡಹೊರಟಳು. ಸುಮಾರು 60 ಕುಟುಂಬಗಳ ಮನೆಗಳಿಗೆ ಜಪ್ತಿ ಬಂತು. ಹಸು, ಹಂದಿ, ಹೇಸರಗತ್ತೆ, ನೇಗಿಲು, ಗಾಡಿ, ಕಣಜದ ಮೆಕ್ಕೆಜೋಳ, ಹೂತಿಟ್ಟ ಗೆಣಸು ಎಲ್ಲವನ್ನೂ ಹೊತ್ತೊಯ್ದರು. ಆ ಚಳಿಗಾಲವನ್ನು ಜನ ರೆಡ್‌ಕ್ರಾಸಿನವರು ಕಳುಹಿಸಿದ ಹಿಟ್ಟಿನಲ್ಲಿ ದಾಟಿದರು.

ಇಲ್ಲಿಂದ ಕಥೆ ತಿರುಗುತ್ತದೆ. ಅಧ್ಯಕ್ಷ ರೂಸ್‌ವೆಲ್ಟರ ಸರ್ಕಾರ ಗ್ರಾಮೀಣ ಪುನರ್ವಸತಿಗೆಂದು ಒಂದು ಇಲಾಖೆಯನ್ನು ತೆರೆದಿತ್ತು. ಅದು 1937ರಲ್ಲಿ ಆರ್ಥರ್ ರೋತ್‌ಸ್ಟೀನ್ ಎಂಬ ತರುಣ ಛಾಯಾಗ್ರಾಹಕನನ್ನು ಇಲ್ಲಿಗೆ ಕಳುಹಿಸಿತು. ಮರದ ದಿಮ್ಮಿಯ ಗುಡಿಸಲು, ಗಾಳಿ ನುಗ್ಗದಂತೆ ಗೋಡೆಗೆ ಅಂಟಿಸಿದ ವೃತ್ತಪತ್ರಿಕೆಗಳು. ಕಿಟಕಿಯಲ್ಲಿ ನಿಂತ ಒಬ್ಬ ಹುಡುಗಿ, ಪಕ್ಕದಲ್ಲೇ ಕಿಟಕಿಯ ಬಾಗಿಲಿಗೆ ಅಂಟಿಸಿದ ಹಾಳೆಯ ಮೇಲೆ ಆಹಾರ ಪದಾರ್ಥಗಳ ಜಾಹೀರಾತು. ಆ ಚಿತ್ರ ಪ್ರಸಿದ್ಧವಾಯಿತು. ಆದರೆ ಚಿತ್ರಕ್ಕಿಂತ ದೊಡ್ಡದು ಆಮೇಲೆ ನಡೆದದ್ದು. ಸರ್ಕಾರ ಸುಮಾರು 10,000 ಎಕರೆಯ ಹಳೆಯ ತೋಟವನ್ನು ಕೊಂಡು ಹೋಳು ಮಾಡಿ, ಹಲಗೆಯ ಮನೆಗಳನ್ನು ಕಟ್ಟಿಸಿ, ಶಾಲೆ, ಅಂಗಡಿ, ಹತ್ತಿ ಹಿಂಜುವ ಗಿರಣಿಗಳನ್ನು ಹಾಕಿಸಿತು. 1940ರ ದಶಕದಲ್ಲಿ ಕಡಿಮೆ ಬಡ್ಡಿಯ ಸಾಲದಲ್ಲಿ ಆ ಹೊಲಮನೆಗಳನ್ನು ಗೇಣಿದಾರರಿಗೇ ಮಾರಿತು. ಅವಕ್ಕೆ ಇಂದಿಗೂ ‘ರೂಸ್‌ವೆಲ್ಟ್ ಮನೆ’ಗಳೆಂದು ಹೆಸರು. ಗುಲಾಮರ ಮೊಮ್ಮಕ್ಕಳು ಅದೇ ನೆಲಕ್ಕೆ ಖಾತೆದಾರರಾದರು. ದಕ್ಷಿಣದ ಹತ್ತಿಯ ಸೀಮೆಯಲ್ಲಿ ಕಪ್ಪು ಜನರಿಗೆ ಇಂಥ ಭಾಗ್ಯ ಒದಗಿದ್ದು ಬಹಳ ಅಪರೂಪ.

ಗಂಡಸರ ಕಥೆ ಹೊಲದಲ್ಲಿ ನಡೆದರೆ ಹೆಂಗಸರದು ಬಟ್ಟೆಯ ಚಿಂದಿಯಲ್ಲಿ ನಡೆಯಿತು. ಉತ್ತರ ಕರ್ನಾಟಕದವರು ಕೌದಿಯೆನ್ನುವ, ಹಳೆಯ ಮೈಸೂರಿನ ಕಡೆ ಬೊಂತೆಯೆನ್ನುವ ವಸ್ತುವೇ ಅವರ ಕ್ವಿಲ್ಟ್. ಹಲಗೆಯ ಮನೆ ಬರುವ ಮೊದಲು ಗೋಡೆಯ ಸಂದಿನಲ್ಲಿ ಚಳಿಗಾಳಿ ಬೀಸುತ್ತಿತ್ತು. ಮಕ್ಕಳ ಕೆಳಗೆ ಹಾಸಲು, ಮೇಲೆ ಹೊದಿಸಲು, ಒಂದರ ಮೇಲೊಂದು ಎಷ್ಟಿದ್ದರೂ ಸಾಲದು. ಹರಿದ ಅಂಗಿ, ಮೊಣಕಾಲು ಸವೆದ ಷರಾಯಿ, ಹಿಟ್ಟಿನ ಚೀಲ, ಗೊಬ್ಬರದ ಚೀಲ ಯಾವುದನ್ನೂ ಎಸೆಯುತ್ತಿರಲಿಲ್ಲ. ಒಳಗೆ ತುಂಬಲು ಗಿರಣಿಯ ನೆಲದಲ್ಲಿ ಗುಡಿಸಿ ತಂದ ಹತ್ತಿ. ಅದನ್ನು ಕೋಲಿನಿಂದ ಬಡಿದು ಹದ ಮಾಡುತ್ತಿದ್ದರು. ಮೇಲಿನ ತೇಪೆಯನ್ನು ಒಬ್ಬೊಬ್ಬಳು ತನ್ನ ಮನೆಯಲ್ಲಿ ತಾನೇ ಜೋಡಿಸುವಳು; ದಾರ ಹಾಕುವಾಗ ಮಾತ್ರ ನೆರೆಹೊರೆಯವರು ಕೂಡಿ, ಹಾಡುತ್ತ ಹೊಲಿಯುವರು. ಚೌಕದೊಳಗೆ ಚೌಕವಾಗಿ ಒಳಸರಿಯುವ ವಿನ್ಯಾಸಕ್ಕೆ ‘ಮನೆಯ ಮಾಡು’ ಎಂಬರ್ಥದ ಹೆಸರು. ಬರಿಯ ಉದ್ದ ಪಟ್ಟಿಗಳದ್ದಕ್ಕೆ ‘ಸೋಮಾರಿ ಹುಡುಗಿ’ ಎಂದು. ಈ ಹೆಸರಿಟ್ಟವಳು ಯಾವ ಅತ್ತೆಯೋ! ಹಳೆಯ ಕೌದಿಗಳಲ್ಲಿ ಅಲ್ಲಲ್ಲಿ ಒಂದು ಗಾಢ ನೀಲಿಯ ಚೌಕ ಕಾಣುತ್ತದೆ. ಅದು ಬಣ್ಣದ ಚಮತ್ಕಾರವಲ್ಲ. ಜೇಬನ್ನು ಬಿಚ್ಚಿ ತೆಗೆದ ಜಾಗ. ಉಳಿದ ಬಟ್ಟೆಯೆಲ್ಲ ಹೊಲದ ಬಿಸಿಲಿಗೆ ಮಾಸಿದಾಗ ಜೇಬಿನಡಿಯ ಬಟ್ಟೆ ಮಾತ್ರ ಹಾಗೆಯೇ ಉಳಿದಿರುತ್ತದೆ.

1942ರಲ್ಲಿ ಮಿಸೌರಿ ಪೆಟ್‌ವೇ ಎಂಬಾಕೆಯ ಗಂಡ ತೀರಿಕೊಂಡ. ಆಕೆ ಅವನ ದುಡಿಮೆಯ ಬಟ್ಟೆಗಳನ್ನೆಲ್ಲ ಬಿಚ್ಚಿ ಒಂದು ಕೌದಿ ಮಾಡಿದಳು, ಅವನ ನೆನಪಿಗಾಗಿ, ಹೊದ್ದು ಮಲಗುವುದಕ್ಕಾಗಿ. ಆ ಕೆಲಸಕ್ಕೆ ನೆರವಾದ ಮಗಳು ಅರ್ಲಾಂಜಿಯಾ ಮುಪ್ಪಿನಲ್ಲಿ ಅದನ್ನು ಹೇಳಿಕೊಂಡಿದ್ದಾಳೆ. ಆ ಕೌದಿ ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿದೆ.

ಅಂದ ಹಾಗೆ, ಆಫ್ರಿಕದಿಂದ ಬಂದ ಪೂರ್ವಿಕರ ಸಂತತಿ ಕೌದಿ ಹೊಲಿಯುವುದನ್ನು ಕಾಣಲು ನಾವು ಕಡಲು ದಾಟಬೇಕಾಗಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಂಗಸರೂ ಹಳೆಯ ಸೀರೆ ರವಿಕೆಗಳ ತುಂಡುಗಳಿಂದ ಅಷ್ಟೇ ದಿಟ್ಟವಾದ ಬಣ್ಣಗಳ ಕೌದಿ ಮಾಡುತ್ತಾರೆ. ಅಮೆರಿಕದ ವಿದ್ವಾಂಸರು ಬಂದು ಅವನ್ನು ಅಭ್ಯಾಸ ಮಾಡಿದ್ದಾರೆ. ನಮ್ಮ ವಿದ್ವಾಂಸರು ಇನ್ನೂ ಹೆಚ್ಚು ಮಾಡಬೇಕಾಗಿದೆ.

ಮತ್ತೆ ನೆಲದ ಮಾತಿಗೆ ಬರೋಣ. 1960ರ ದಶಕದ ಮೊದಲಲ್ಲಿ ವಿಲ್ಕಾಕ್ಸ್ ಜಿಲ್ಲೆಯಲ್ಲಿ ಕಪ್ಪು ಜನರೇ ಬಹುಸಂಖ್ಯಾತರು. ಮತದಾರರ ಪಟ್ಟಿಯಲ್ಲಿ ಅವರ ಹೆಸರು ಒಂದೂ ಇರಲಿಲ್ಲ. ಹೆಸರು ಬರೆಸಬೇಕಾದರೆ ಈಗಾಗಲೇ ಮತದಾರನಾದವನೊಬ್ಬ ಬಂದು ಇವನನ್ನು ನಾನು ಬಲ್ಲೆ ಎಂದು ಸಾಕ್ಷಿ ನುಡಿಯಬೇಕು. ಮತದಾರರೆಲ್ಲ ಬಿಳಿಯರು, ಅವರಲ್ಲಿ ಸಾಕ್ಷಿ ನುಡಿಯುವವರಾರು? ಬೇರೆಡೆಯ ಗೇಣಿದಾರ ಮತದ ಮಾತೆತ್ತಿದರೆ ಒಡೆಯ ಮರುದಿನವೇ ಹೊಲ ಬಿಡಿಸುತ್ತಿದ್ದ. ಜೀಸ್ ಬೆಂಡಿನವರನ್ನು ಹಾಗೆ ಬಿಡಿಸಲು ಯಾರಿಗೂ ಅಧಿಕಾರವಿರಲಿಲ್ಲ. ಕ್ರಯಪತ್ರ ಪೆಟ್ಟಿಗೆಯಲ್ಲಿತ್ತು. ಆದ್ದರಿಂದಲೇ ಅವರು ಕ್ಯಾಮ್ಡೆನ್ನಿನ ಕಚೇರಿಗೆ ಗುಂಪಾಗಿ ಹೋಗಬಲ್ಲವರಾದರು. 1965ರ ಫೆಬ್ರವರಿಯಲ್ಲಿ, ಮಳೆ ಹಿಡಿದ ಒಂದು ರಾತ್ರಿ, ಮಾರ್ಟಿನ್ ಲೂಥರ್ ಕಿಂಗರು ಈ ಊರಿನ ಪ್ಲೆಸೆಂಟ್ ಗ್ರೋವ್ ದೇವಾಲಯಕ್ಕೆ ಬಂದು ಮಾತನಾಡಿದರು. ಅದೇ ವರ್ಷ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾನೂನು ಬಂತು.

ಹೊಲ ಬಿಡಿಸಲಾಗದಿದ್ದರೂ ದಾರಿ ಬಿಡಿಸಬಹುದಾಗಿತ್ತು. 1962ರಲ್ಲಿ ಜೀಸ್ ಬೆಂಡಿಗೂ ಕ್ಯಾಮ್ಡೆನ್ನಿಗೂ ನಡುವಣ ಕಡವಿನ ದೋಣಿ ನಿಂತುಹೋಯಿತು. ಏಕೆ ನಿಂತಿತೆಂಬುದು ಊರಿನವರಿಗೆ ತಿಳಿಯದ ಗುಟ್ಟಾಗಿರಲಿಲ್ಲ. ನೀರಿನ ಮೇಲೆ ಕಾಲು ಗಂಟೆಯ ದಾರಿ. ನೆಲದ ಮೇಲೆ ಸುತ್ತಿಹೋದರೆ ಸುಮಾರು 40 ಮೈಲಿ. ಕಚೇರಿ, ವೈದ್ಯ, ಔಷಧಿ, ಅಂಗಡಿ ಎಲ್ಲವೂ ಆಚೆ ದಡದಲ್ಲಿ. ಆ ದೋಣಿ ಮತ್ತೆ ಹೊರಟಿದ್ದು 2006ರಲ್ಲಿ, 44 ವರ್ಷಗಳ ಮೇಲೆ. ಇದರ ಮೇಲೆ, 1960ರ ದಶಕದ ಕೊನೆಗೆ ಮಿಲ್ಲರ್ಸ್ ಫೆರಿ ಎಂಬಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರು ನದಿಯಂಚಿನ ಒಳ್ಳೆಯ ಹೊಲಗಳನ್ನೇ ನುಂಗಿತು. ಹರೆಯದವರು ಮೊಬೈಲ್ ಎಂಬ ಬಂದರು ಪಟ್ಟಣಕ್ಕೂ ಉತ್ತರದ ಕಾರ್ಖಾನೆಯ ಊರುಗಳಿಗೂ ಹೊರಟರು. ಊರು ಮುಪ್ಪಾದದ್ದು ತಾನಾಗಿ ಅಲ್ಲ. ದೋಣಿ ಇಲ್ಲದ ಆ 44 ವರ್ಷಗಳನ್ನು ಬಿಟ್ಟು ಈ ಮುಪ್ಪಿನ ಲೆಕ್ಕ ಹಾಕಲಾಗದು.

ಉಳಿದ ಹೆಂಗಸರ ಕೈಯಲ್ಲಿ ಸೂಜಿ ಉಳಿಯಿತು. 1966ರಲ್ಲಿ ಫ್ರಾನ್ಸಿಸ್ ವಾಲ್ಟರ್ ಎಂಬ ಪಾದ್ರಿಯ ನೆರವಿನಿಂದ ಸುತ್ತಣ ಹೆಂಗಸರು ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರ ಸಂಘ ಕಟ್ಟಿದರು. ಅವರ ಕೌದಿಗಳು ನ್ಯೂಯಾರ್ಕಿನಲ್ಲಿ ಹರಾಜಾದವು. ಸಂಘ 2012ರವರೆಗೆ ನಡೆಯಿತು. ನಡುವೆ 2002ರಲ್ಲಿ ಹ್ಯೂಸ್ಟನ್ನಿನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಊರಿನ ಹಳೆಯ ಕೌದಿಗಳ ಪ್ರದರ್ಶನವಾಗಿ, ಹೊದಿಕೆ ಕಲೆಯೆನಿಸಿತು. 2006ರಲ್ಲಿ ಅಂಚೆಚೀಟಿಗಳ ಮೇಲೂ ಬಂತು. ಹೆಸರು ಬಂದಷ್ಟು ಹಣ ಬರಲಿಲ್ಲವೆಂದು ಕೆಲವು ಹೆಂಗಸರು 2007ರಲ್ಲಿ ನ್ಯಾಯಾಲಯಕ್ಕೆ ಹೋದರು, ಮರುವರ್ಷ ರಾಜಿಯಾಯಿತು. ಲೆಕ್ಕದ ಪುಸ್ತಕ ಇನ್ನೊಬ್ಬರ ಕೈಯಲ್ಲಿದ್ದ ಕಾಲವನ್ನು ಕಂಡ ಊರು ಲೆಕ್ಕ ಕೇಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

2019ರಿಂದ ಕಡವಿನ ದೋಣಿ ವಿದ್ಯುತ್ತಿನಿಂದ ಓಡುತ್ತಿದೆ. 2022ರಲ್ಲಿ ಊರಿನವರು ಕೌದಿಗಳನ್ನು ಬಿಸಿಲಿಗೆ ಹಾಕುವ ಒಂದು ಹಬ್ಬವನ್ನು ಆರಂಭಿಸಿದರು. ಚಳಿಗಾಲ ಬರುವ ಮುನ್ನ ಹೊದಿಕೆಗಳನ್ನು ಹೊರಗೆ ಹರವುವುದು ಅಲ್ಲಿ ಹಿಂದಿನಿಂದ ಬಂದ ವಾಡಿಕೆ. ಆ ದಿನ ಜಗಲಿಗಳ ಮೇಲೆ, ಅಂಗಳದ ತಂತಿಗಳ ಮೇಲೆ ಕೌದಿಗಳು ತೂಗುತ್ತವೆ. ದೂರದೂರದಿಂದ ಜನ ಬಂದು, ಹೊಲಿದವರ ಕೈಯಿಂದಲೇ ಕೊಂಡು, ಹಣವನ್ನು ಅವರ ಕೈಗೇ ಕೊಟ್ಟು ಹೋಗುತ್ತಾರೆ.